ತಾನು ಅರಿಯದ ನಳಿಕೆಗೆ ತಂದೆಯಾದ ಲೀ ಡಿ ಫಾರೆಸ್ಟ್

ಮನೆಯಲ್ಲಿ ಸಂಗೀತ ಕೇಳುವ ಹವ್ಯಾಸಿಗಳ ನಡುವೆ ಇಂದಿಗೂ ಇತ್ಯರ್ಥವಾಗದ ವ್ಯಾಜ್ಯವೊಂದಿದೆ. ವಾಲ್ವ್ ಆಂಪ್ಲಿಫೈಯರ್ ಮೇಲೋ, ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮೇಲೋ ಎಂಬುದೇ ಆ ವ್ಯಾಜ್ಯ. ಒಂದು ಪಕ್ಷ ವಾಲ್ವಿನ ನಾದದಲ್ಲಿ ಮಾರ್ದವವನ್ನು ಕಾಣುತ್ತದೆ. ಇನ್ನೊಂದು ಪಕ್ಷ ಅಳತೆಯ ಉಪಕರಣಗಳತ್ತ ಬೊಟ್ಟು ಮಾಡುತ್ತದೆ. ಈ ವಾದದ ಮೂಲವನ್ನು ಹುಡುಕುತ್ತ ಹೋದರೆ ಎದುರಾಗುವ ವ್ಯಕ್ತಿ ಅಮೆರಿಕದ ಲೀ ಡಿ ಫಾರೆಸ್ಟ್. ದನಿಯನ್ನು ಹಿಗ್ಗಿಸಬಲ್ಲ ಮೂರು ವಿದ್ಯುದಗ್ರಗಳ ಗಾಜಿನ ನಳಿಕೆಯನ್ನು ರೂಪಿಸಿದ ಈತನಿಗೆ, ಅದು ಹೇಗೆ ಕೆಲಸ ಮಾಡುತ್ತದೆಂಬುದು ಮಾತ್ರ ಸರಿಯಾಗಿ ತಿಳಿದಿರಲಿಲ್ಲ!

ಪಾದ್ರಿಯ ಮಗ

ಡಿ ಫಾರೆಸ್ಟ್ ಜನಿಸಿದ್ದು 1873ರ ಆಗಸ್ಟ್ 26ರಂದು, ಐಯೊವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್‌ನಲ್ಲಿ. ತಂದೆ ಪಾದ್ರಿ. ಕಪ್ಪು ವರ್ಣೀಯರ ಶಿಕ್ಷಣಕ್ಕೆಂದು ಸ್ಥಾಪಿತವಾಗಿದ್ದ ಅಲಬಾಮಾದ ಟಲಡೀಗಾ ಕಾಲೇಜಿಗೆ ಅವರು ಅಧ್ಯಕ್ಷರಾಗಿ ಹೋದಾಗ ಮಗನಿನ್ನೂ ಬಾಲಕ. ಈ ಕಾರಣಕ್ಕೆ ಊರಿನ ಬಿಳಿಯರು ಕುಟುಂಬವನ್ನು ದೂರವಿಟ್ಟರು. ಮಗನೂ ಪಾದ್ರಿಯಾಗಲೆಂಬುದು ತಂದೆಯ ಬಯಕೆಯಾಗಿತ್ತು. ಮಗ ಆರಿಸಿಕೊಂಡದ್ದು ವಿಜ್ಞಾನವನ್ನು. 1899ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಆಗಷ್ಟೇ ಕಣ್ಣು ತೆರೆಯುತ್ತಿದ್ದ ನಿಸ್ತಂತು ಕ್ಷೇತ್ರಕ್ಕೆ ಆತ ಕಾಲಿಟ್ಟ.

ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ವಿದ್ಯುದಗ್ರಗಳ ವಾಲ್ವನ್ನು ನಿರ್ಮಿಸಿದ್ದರು. 1906ರಲ್ಲಿ ಡಿ ಫಾರೆಸ್ಟ್ ಕಾದ ತಂತಿಗೂ ಲೋಹದ ಫಲಕಕ್ಕೂ ನಡುವೆ, ಅಂಕುಡೊಂಕಾಗಿ ಬಾಗಿಸಿದ ಮೂರನೆಯ ತಂತಿಯೊಂದನ್ನು ಇರಿಸಿದ. ಅದೇ ಗ್ರಿಡ್. ಕೆರೆಯ ತೂಬನ್ನು ಒಬ್ಬನೇ ಆಳು ಎತ್ತಿ ಇಳಿಸಿ ರಭಸದ ನೀರನ್ನು ಹತೋಟಿಯಲ್ಲಿಡುವಂತೆ, ಗ್ರಿಡ್ಡಿಗೆ ಬಂದ ಕ್ಷೀಣ ಸಂಕೇತವು ಫಲಕದತ್ತ ಹರಿಯುವ ದೊಡ್ಡ ವಿದ್ಯುತ್ ಪ್ರವಾಹವನ್ನು ಆಳುತ್ತದೆ. ಈ ಸಾಧನಕ್ಕೆ ಆತ ಆಡಿಯಾನ್ ಎಂಬ ಹೆಸರಿಟ್ಟ. 1908ರಲ್ಲಿ ಪೇಟೆಂಟ್ ದೊರೆಯಿತು.

ನಳಿಕೆಯೊಳಗೆ ಉಳಿದ ಅನಿಲವೇ ಅದರ ಜೀವಾಳವೆಂದು ಡಿ ಫಾರೆಸ್ಟ್ ನಂಬಿದ್ದ. ವಾಸ್ತವ ಇದಕ್ಕೆ ತದ್ವಿರುದ್ಧವಾಗಿತ್ತು. ನಳಿಕೆ ಬರಿದಾದಷ್ಟೂ ಅದರ ಕೆಲಸ ಸ್ಥಿರ. ವರ್ಷಗಟ್ಟಲೆ ಆಡಿಯಾನ್ ರೇಡಿಯೋ ಸಂಕೇತವನ್ನು ಪತ್ತೆ ಹಚ್ಚುವ ಸಾಧನವಾಗಿಯಷ್ಟೇ ಉಳಿಯಿತು. ಅದು ದನಿಯನ್ನು ಹಿಗ್ಗಿಸಬಲ್ಲದೆಂಬುದು ಆತನಿಗೆ ಮನವರಿಕೆಯಾದದ್ದು 1912ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಮರುವರ್ಷ ಎಟಿ ಅಂಡ್ ಟಿ ಸಂಸ್ಥೆ ದೂರವಾಣಿ ಬಳಕೆಯ ಹಕ್ಕನ್ನು 50,000 ಡಾಲರ್‌ಗೆ ಖರೀದಿಸಿತು. ಅಲ್ಲಿನ ಹೆರಾಲ್ಡ್ ಆರ್ನಾಲ್ಡ್ ಹಾಗೂ ಜನರಲ್ ಎಲೆಕ್ಟ್ರಿಕ್‌ನ ಇರ್ವಿಂಗ್ ಲ್ಯಾಂಗ್ಮ್ಯೂರ್ ನಳಿಕೆಯಿಂದ ಅನಿಲವನ್ನು ಹೊರಹಾಕಿ ಅದನ್ನು ನಂಬಿಕೆಗೆ ಅರ್ಹವಾಗಿಸಿದರು.

ಕಟಕಟೆಯಿಂದ ಕಟಕಟೆಗೆ

1913ರಲ್ಲಿ ಷೇರು ಮಾರಾಟದಲ್ಲಿ ವಂಚನೆ ಎಸಗಿದ ಆರೋಪದ ಮೇಲೆ ಡಿ ಫಾರೆಸ್ಟ್ ಕಟಕಟೆ ಏರಬೇಕಾಯಿತು. ಆಡಿಯಾನ್ ಬೆಲೆಬಾಳದ ವಸ್ತು, ಅಟ್ಲಾಂಟಿಕ್ ಸಾಗರದಾಚೆಗೆ ಮಾತು ಕಳುಹಿಸುವ ಭರವಸೆ ಹುಸಿ ಎಂಬುದು ಪ್ರಾಸಿಕ್ಯೂಷನ್ ವಾದವಾಗಿತ್ತು. ಸಹವರ್ತಿಗಳಿಗೆ ಶಿಕ್ಷೆಯಾಯಿತು, ಆತ ಖುಲಾಸೆಗೊಂಡ. 1915ರಲ್ಲಿ ಎಟಿ ಅಂಡ್ ಟಿ ಸಂಸ್ಥೆಯು ವಾಲ್ವುಗಳ ಬಲದಿಂದಲೇ ಅಮೆರಿಕದ ಮಾತನ್ನು ಪ್ಯಾರಿಸ್ಸಿಗೆ ಮುಟ್ಟಿಸಿತು.

ಎಡ್ವಿನ್ ಆರ್ಮ್‌ಸ್ಟ್ರಾಂಗ್ ಜೊತೆಗಿನ ಮೊಕದ್ದಮೆ ಇನ್ನೂ ದೀರ್ಘವಾದದ್ದು. ವಾಲ್ವಿನಿಂದ ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಗ್ರಿಡ್ಡಿಗೇ ಉಣಿಸುವ ಮಂಡಲ ಯಾರದೆಂಬುದು ವಿವಾದವಾಗಿತ್ತು. ನಳಿಕೆಯ ವರ್ತನೆಯನ್ನು ಅಳೆದು ಅರ್ಥೈಸಿದವರು ಆರ್ಮ್‌ಸ್ಟ್ರಾಂಗ್. ಆದರೂ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪಿತ್ತಿತು. ಇದೇ ಸಾಧನೆಗಾಗಿ ತಮಗೆ ಸಂದಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗ್ ಹಿಂತಿರುಗಿಸಲು ಹೋದಾಗ ರೇಡಿಯೋ ಎಂಜಿನಿಯರುಗಳ ಸಂಸ್ಥೆ ಅದನ್ನು ಸ್ವೀಕರಿಸಲಿಲ್ಲ. ನ್ಯಾಯಾಲಯದಲ್ಲಿ ಗೆದ್ದವನಿಗೆ ಎಂಜಿನಿಯರುಗಳ ಮನಸ್ಸನ್ನು ಗೆಲ್ಲಲಾಗಲಿಲ್ಲ.

ಬದುಕಿರುವಾಗಲೇ ಬಂದ ಉತ್ತರಾಧಿಕಾರಿ

1947ರ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನಿಸಿತು. ಕಾಯಬೇಕಾದ ತಂತಿ ಇಲ್ಲ, ಒಡೆಯುವ ಗಾಜಿಲ್ಲ. ಅದರ ನಿರ್ಮಾತೃಗಳಾದ ಬಾರ್ಡೀನ್, ಬ್ರಾಟನ್ ಮತ್ತು ಶಾಕ್ಲಿ ಅವರಿಗೆ 1956ರಲ್ಲಿ ನೊಬೆಲ್ ಸಂದಿತು. ತನ್ನನ್ನು ರೇಡಿಯೋದ ಪಿತಾಮಹನೆಂದು ಕರೆದುಕೊಂಡು ಆತ್ಮಕಥೆ ಬರೆದಿದ್ದ ಡಿ ಫಾರೆಸ್ಟ್‌ಗೆ ಆ ಗೌರವ ಒಲಿಯಲಿಲ್ಲ. ಚಲನಚಿತ್ರಕ್ಕೆ ದನಿ ಕೂಡಿಸಿದ ಆತನ ಪ್ರಯೋಗಗಳಿಗಾಗಿ 1960ರಲ್ಲಿ ಗೌರವ ಆಸ್ಕರ್ ಬಂದಿತು. 1961ರ ಜೂನ್ 30ರಂದು ಹಾಲಿವುಡ್‌ನಲ್ಲಿ, ತನ್ನ 87ನೇ ವಯಸ್ಸಿನಲ್ಲಿ ಆತ ನಿಧನನಾದಾಗ ಬ್ಯಾಂಕಿನಲ್ಲಿ ಉಳಿದಿದ್ದುದು 1,250 ಡಾಲರ್.

ಅದೇ 1961ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯೂ ಶುರುವಾಯಿತು. ಹಳತು ಹೊಸತುಗಳ ನಡುವೆ ಇಲ್ಲಿದ್ದ ಅಂತರ ಒಂದೇ ವರ್ಷ!

ಹಾಗಾದರೆ ಹವ್ಯಾಸಿಗಳ ವ್ಯಾಜ್ಯಕ್ಕೆ ತೀರ್ಪೇನು? ಮೂಲ ದನಿಗೆ ನಿಷ್ಠೆ, ವಿದ್ಯುತ್ ಉಳಿತಾಯ, ಬಾಳಿಕೆ ಇವೆಲ್ಲದರಲ್ಲೂ ಉತ್ತಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮುಂದಿದೆ. ವಾಲ್ವ್ ಶಾಖ ಉಗುಳುತ್ತದೆ, ಸವೆಯುತ್ತದೆ, ಸ್ಪೀಕರ್ ನಡೆಸಲು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಡುತ್ತದೆ. ಆದರೆ ಮಿತಿ ಮೀರಿದಾಗ ಟ್ರಾನ್ಸಿಸ್ಟರ್ ದನಿಯ ತುದಿಯನ್ನು ಥಟ್ಟನೆ ಕತ್ತರಿಸಿದರೆ, ವಾಲ್ವ್ ಮೆಲ್ಲನೆ ದುಂಡಾಗಿಸುತ್ತದೆ. ಡಿ ಫಾರೆಸ್ಟ್ ಮಾದರಿಯ ಟ್ರಯೋಡ್ ಸೇರಿಸುವ ವಿಕೃತಿಯಲ್ಲಿ ಹೆಚ್ಚಿನ ಪಾಲು ಮೂಲ ಸ್ವರದ ತಾರ ಸ್ಥಾಯಿಯದು. ಅದು ಸ್ವರಕ್ಕೆ ಹೊಂದಿಕೊಳ್ಳುವುದರಿಂದ ಕಿವಿಗೆ ಕಿರಿಕಿರಿಯಾಗದು. ಹವ್ಯಾಸಿ ಮಾರ್ದವವೆನ್ನುವುದೂ ಉಪಕರಣ ದೋಷವೆನ್ನುವುದೂ ಬಹುಮಟ್ಟಿಗೆ ಒಂದನ್ನೇ.

ಉಪಯುಕ್ತತೆಯ ಯುಗ ಮುಗಿದರೂ 300ಬಿಯಂತಹ ಟ್ರಯೋಡ್‌ಗಳು ಎಂಟು ವಾಟ್‌ಗಳ ಆಸುಪಾಸಿನ ಅಲ್ಪ ಶಕ್ತಿಯಿಂದಲೇ ಮನೆಗಳಲ್ಲಿ ಇಂದಿಗೂ ಹಾಡುತ್ತಿವೆ. ಜೀವನವಿಡೀ ಹಕ್ಕುಸಾಧನೆಗೆ ಕೋರ್ಟಿಗೆ ಅಲೆದವನ ಹೆಸರನ್ನು ಬಹುತೇಕ ಕೇಳುಗರು ಅರಿಯರು. ಆತ ಎಳೆದ ಮೂರನೆಯ ತಂತಿಯ ಋಣ ಮಾತ್ರ ಆ ಪ್ರತಿ ಸ್ವರದಲ್ಲೂ ಇದೆ.