ಧ್ರುವಪ್ರಭೆಯ ಬೆನ್ನು ಹತ್ತಿದ ಬಿರ್ಕೆಲಾಂಡ್

ಮಕ್ಕಳೇ, ಅಮಾವಾಸ್ಯೆಯ ರಾತ್ರಿ ಗದಗ-ಬೆಟಗೇರಿಯಲ್ಲಿ ಮಾಳಿಗೆ ಏರಿ ನೋಡಿದರೆ ಆಕಾಶದ ತುಂಬ ನಕ್ಷತ್ರಗಳು. ಉತ್ತರ ಧ್ರುವದ ಹತ್ತಿರದ ನಾಡುಗಳಲ್ಲಾದರೆ ಕೆಲವು ರಾತ್ರಿ ಹಸಿರು, ಕೆಂಪು ಬೆಳಕಿನ ಪರದೆಗಳೇ ತೂಗಾಡುತ್ತವೆ! ಇದೇ ಧ್ರುವಪ್ರಭೆ. ಇದರ ಕಾರಣ ಹುಡುಕಲು ಬಾಳನ್ನೇ ಸವೆಸಿದವರು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್.

ಅವರು ಹುಟ್ಟಿದ್ದು 1867ರ ಡಿಸೆಂಬರ್ 13ರಂದು, ಈಗಿನ ಓಸ್ಲೋ ನಗರದಲ್ಲಿ. 1899ರಲ್ಲಿ ಉತ್ತರ ನಾರ್ವೆಯ ಹಾಲ್ಡೆ ಬೆಟ್ಟದ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿ, ವೀಕ್ಷಣಾಲಯ ಕಟ್ಟಿಸಿದರು. ಅಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಕೊರೆಯುವ ಗಾಳಿಯಲ್ಲಿ ಅವರ ತಂಡ ಆಕಾಶವನ್ನೂ ಕಾಂತಸೂಜಿಯನ್ನೂ ಗಮನಿಸುತ್ತ ಕುಳಿತಿತು. ತಂಡದ ಯುವಕರೊಬ್ಬರು ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಧ್ರುವಪ್ರಭೆ ಕುಣಿದಾಗ ಕಾಂತಸೂಜಿಯೂ ಅಲುಗುವುದನ್ನು ಅವರು ಅಳೆದು ಬರೆದಿಟ್ಟರು.

ಸೂರ್ಯನಿಂದ ವಿದ್ಯುತ್ ಕಣಗಳು ಬರುತ್ತವೆ, ಭೂಮಿಯ ಕಾಂತಶಕ್ತಿ ಅವುಗಳನ್ನು ಧ್ರುವಗಳತ್ತ ತಿರುಗಿಸುತ್ತದೆ ಎಂದು ಬಿರ್ಕೆಲಾಂಡ್ ತರ್ಕಿಸಿದರು. ತೋರಿಸುವುದು ಹೇಗೆ? ಗಾಜಿನ ಪೆಟ್ಟಿಗೆಯೊಳಗೆ ಭೂಮಿಯಂಥ ಪುಟ್ಟ ಗೋಲ ಇಟ್ಟರು. ಗೋಲದೊಳಗೆ ವಿದ್ಯುತ್ಕಾಂತ. ಪೆಟ್ಟಿಗೆಯ ಗಾಳಿ ತೆಗೆದು ಎಲೆಕ್ಟ್ರಾನ್‌ಗಳನ್ನು ಹಾಯಿಸಿದಾಗ ಗೋಲದ ಧ್ರುವಗಳ ಸುತ್ತ ಬೆಳಕು ಮೂಡಿತು!

ಇದಕ್ಕೆಲ್ಲ ಹಣ ಬೇಕಲ್ಲ? 1903ರಲ್ಲಿ ಬಿರ್ಕೆಲಾಂಡ್, ಸ್ಯಾಮ್ ಐಡೆ ಎಂಬ ಎಂಜಿನಿಯರ್ ಜೊತೆ ಸೇರಿ, ವಿದ್ಯುತ್ ಕಿಡಿಯಿಂದ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ವಿಧಾನ ಕಂಡುಹಿಡಿದರು. ಮುಂಡರಗಿ, ಶಿರಹಟ್ಟಿಯ ಹೊಲಗಳಿಗೆ ಹಾಕುವ ಯೂರಿಯಾದ ಸಾರಜನಕವೂ ಗಾಳಿಯದೇ. ಆದರೆ ಈಗಿನ ವಿಧಾನ ಬೇರೆ.

ಸೂರ್ಯಕಣಗಳ ಮಾತನ್ನು ಹಲವು ವಿಜ್ಞಾನಿಗಳು ಒಪ್ಪಲಿಲ್ಲ. 1917ರ ಜೂನ್ 15ರಂದು ಟೋಕಿಯೋದಲ್ಲಿ ಬಿರ್ಕೆಲಾಂಡ್ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಮುಂದೆ 1960ರ ದಶಕದಲ್ಲಿ ಉಪಗ್ರಹಗಳು ಧ್ರುವಗಳ ಮೇಲೆ ಹರಿಯುವ ವಿದ್ಯುತ್ತನ್ನು ಪತ್ತೆ ಮಾಡಿದವು. ಅದಕ್ಕೀಗ ಬಿರ್ಕೆಲಾಂಡ್ ವಿದ್ಯುತ್ ಪ್ರವಾಹ ಎಂದೇ ಹೆಸರು. ಕಣಗಳು ಬಡಿದಾಗ ಎತ್ತರದ ವಾತಾವರಣದ ಆಮ್ಲಜನಕ ಹಸಿರಾಗಿ, ಇನ್ನೂ ಮೇಲೆ ಕೆಂಪಾಗಿ ಹೊಳೆಯುತ್ತದೆ.

ಗದಗ ಸೀಮೆ ಧ್ರುವಕ್ಕೆ ಬಲು ದೂರ. ಅದಕ್ಕೇ ನಮಗೆ ಆ ಬೆಳಕು ಕಾಣದು. ಆದರೆ 2024ರ ಮೇ ತಿಂಗಳಲ್ಲಿ ಪ್ರಬಲ ಸೌರ ಬಿರುಗಾಳಿ ಬೀಸಿದಾಗ ಲಡಾಖ್‌ನ ಹಾನ್ಲೆಯಲ್ಲಿ ಕೆಂಪು ಪ್ರಭೆ ಮೂಡಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ.

ಮಾಡಿ ನೋಡಿ: ಕಾಗದದ ಕೆಳಗೆ ಅಯಸ್ಕಾಂತ ಇಟ್ಟು, ಮೇಲೆ ಕಬ್ಬಿಣದ ಪುಡಿ ಉದುರಿಸಿ, ಮೆಲ್ಲಗೆ ತಟ್ಟಿ. ಪುಡಿ ಎಲ್ಲಿ ಹೆಚ್ಚು ಸೇರಿತು? ಗೆಳೆಯರಿಗೆ ತೋರಿಸಿ, ಕಾರಣ ಹೇಳಿ.