ದೂರ ಅಳೆದವನು, ತನ್ನ ತಪ್ಪನ್ನೂ ಅಳೆದ

ಸಬ್‌ಮರೀನ್ ಗೇಮ್ ಆಡುವವರಿಗೆ ಈ ಸಂಕಟ ಗೊತ್ತಿರುತ್ತೆ. ‘ಸೈಲೆಂಟ್ ಹಂಟರ್’ನಲ್ಲಿ ಆಟೋ ಟಾರ್ಗೆಟಿಂಗ್ ಆಫ್ ಮಾಡಿದರೆ ಶತ್ರು ಹಡಗಿನ ದೂರವನ್ನು ನಾವೇ ಲೆಕ್ಕ ಹಾಕಬೇಕು. ಪೆರಿಸ್ಕೋಪಿನಲ್ಲಿ ಹಡಗಿನ ಕಂಬ ಎಷ್ಟು ಡಿಗ್ರಿ ಕಾಣುತ್ತೆ ನೋಡಬೇಕು, ಪಟ್ಟಿಯಲ್ಲಿ ಆ ಕಂಬದ ಎತ್ತರ ಹುಡುಕಬೇಕು. ಕಂಬ 30 ಮೀಟರ್, ಕೋನ 1 ಡಿಗ್ರಿ ಅಂದರೆ ದೂರ ಸುಮಾರು 1,720 ಮೀಟರ್. ಆದರೆ ಹಡಗು ಬೇರೆಯದಾಗಿದ್ದು, ಕಂಬ ನಿಜಕ್ಕೂ 24 ಮೀಟರೇ ಇದ್ದರೆ? ದೂರ ಬರೀ 1,375 ಮೀಟರ್. ಕೋನ ಸರಿ, ಗಣಿತ ಸರಿ, ಟಾರ್ಪಿಡೊ ಮಾತ್ರ ನೀರುಪಾಲು. ನಾವು ಪ್ರಶ್ನಿಸದೆ ಒಪ್ಪಿಕೊಂಡ ಮೊದಲ ಸಂಖ್ಯೆಯೇ ತಪ್ಪು.

ಈ ಮೊದಲ ಸಂಖ್ಯೆಯ ಬಗ್ಗೆ ಜೀವನಪೂರ್ತಿ ತಲೆ ಕೆಡಿಸಿಕೊಂಡವನು ವಿಲಿಯಂ ಲ್ಯಾಂಬ್ಟನ್. ಇಂಜಿನಿಯರಿಂಗಿನಲ್ಲಿ ನಾನು ಥಿಯೋಡೊಲೈಟ್ ಹಿಡಿದು ಕ್ಯಾಂಪಸ್ ಅಳೆದಿದ್ದೇನೆ, ಇವನ ಹೆಸರನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಶೈರ್‌ನವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಹೋಗಿ ಸೆರೆಸಿಕ್ಕ. ಆಮೇಲೆ ವರ್ಷಗಟ್ಟಲೆ ಕೆನಡಾದಲ್ಲಿದ್ದು ಗಣಿತ ಓದಿಕೊಂಡ. 1799ರಲ್ಲಿ ಟಿಪ್ಪು ವಿರುದ್ಧ ಬಂದ ಸೈನ್ಯದಲ್ಲೂ ಇದ್ದ. ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ದಿಕ್ಕು ತಪ್ಪಿ ಟಿಪ್ಪುವಿನ ಪಡೆಯ ಕಡೆಗೇ ನಡೆಯುತ್ತಿತ್ತು. ನಕ್ಷತ್ರ ನೋಡಿ ಅದನ್ನು ಕಂಡುಹಿಡಿದವನು ಲ್ಯಾಂಬ್ಟನ್. ಬೇರ್ಡ್ ಮೊದಲು ನಂಬಲಿಲ್ಲ. ಆಮೇಲೆ ದಿಕ್ಸೂಚಿ ನೋಡಿದಾಗ ನಕ್ಷತ್ರದ ಲೆಕ್ಕವೇ ಸರಿಯಾಗಿತ್ತು.

ಟಿಪ್ಪು ಬಿದ್ದ ಮೇಲೆ, ಗೆದ್ದ ನೆಲವನ್ನು ಸಮುದ್ರದಿಂದ ಸಮುದ್ರಕ್ಕೆ ಅಳೆಯುವ ಯೋಜನೆಯನ್ನು ಅವನು ಮುಂದಿಟ್ಟ. ವಿಧಾನ ಸರಳ. ನೆಲದ ಮೇಲೆ ಒಂದು ಗೆರೆಯನ್ನು ಸರಪಳಿಯಿಂದ ಅಳೆಯೋದು, ಉಳಿದ ದೂರಗಳನ್ನೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ತ್ರಿಕೋನಗಳಲ್ಲಿ ಲೆಕ್ಕ ಹಾಕೋದು. ಗೇಮಿನ ಕಂಬದ ಎತ್ತರ ಹೇಗೋ, ಇಲ್ಲಿ ಆ ಮೊದಲ ಗೆರೆ ಹಾಗೆ. ಅದು ತಪ್ಪಿದರೆ ಇಡೀ ದೇಶವೇ ತಪ್ಪು.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಗೆರೆ ಅಳೆಯಲು ಅವನಿಗೆ 57 ದಿನ ಹಿಡಿಯಿತು. 100 ಅಡಿಯ ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುತ್ತೆ ಅಂತ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಪ್ರತಿ ಅಳತೆಯನ್ನೂ ತಿದ್ದಿದ. ಅಷ್ಟಕ್ಕೂ ತನ್ನನ್ನು ತಾನು ನಂಬಲಿಲ್ಲ. ತ್ರಿಕೋನಗಳು ಬೆಂಗಳೂರಿಗೆ ತಲುಪಿದಾಗ, 1804ರಲ್ಲಿ, ಅಲ್ಲೂ ಒಂದು ಗೆರೆಯನ್ನು ಸರಪಳಿಯಿಂದಲೇ ಅಳೆಸಿ ಲೆಕ್ಕಕ್ಕೆ ತಾಳೆ ನೋಡಿದ. ಸುಮಾರು ಏಳು ಮೈಲಿಯ ಗೆರೆಗೆ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ಮಂಗಳೂರು ಮುಟ್ಟುವ ಹೊತ್ತಿಗೆ ಹಳೆಯ ನಕ್ಷೆಗಳು ಪರ್ಯಾಯದ್ವೀಪದ ಅಗಲವನ್ನು 40 ಮೈಲಿ ಹೆಚ್ಚು ತೋರಿಸಿದ್ದು ಬಯಲಾಯಿತು.

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಅರ್ಧ ಟನ್ ತೂಕದ ಥಿಯೋಡೊಲೈಟ್ ಗೋಡೆಗೆ ಬಡಿಯಿತು. ಬೇರೆಯವರಾಗಿದ್ದರೆ ಕೆಲಸ ಬಿಡ್ತಿದ್ದರು. ಇವನು ಡೇರೆಯೊಳಗೆ ಕೂತು, ವಾರಗಟ್ಟಲೆ ತಟ್ಟಿ ತಟ್ಟಿ, ಡೊಂಕಾದ ಚಕ್ರವನ್ನು ನೆಟ್ಟಗೆ ಮಾಡಿದ. 1811ಕ್ಕೆ ಗುತ್ತಿಯಲ್ಲಿ ಇನ್ನೊಂದು ಗೆರೆ. ಗುತ್ತಿ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಮೇಲೆ ಬೀದರ್ ಕಡೆಗೆ ಸಾಗಿದ. ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, 1823ರ ಜನವರಿಯಲ್ಲಿ, ನಾಗಪುರದ ದಾರಿಯ ಹಿಂಗನ್‌ಘಾಟ್‌ನಲ್ಲಿ ಸತ್ತ. ಕೆಲಸ ಮುಂದುವರಿಸಿದ ಸಹಾಯಕ ಎವರೆಸ್ಟ್‌ನ ಹೆಸರು ಶಿಖರಕ್ಕೆ ಅಂಟಿಕೊಂಡಿತು.

ಇವನನ್ನು ಹೊಗಳಿ ಮುಗಿಸೋದು ಸುಲಭ, ಆದರೆ ಸರಿಯಲ್ಲ. ಆ ನಿಖರತೆ ಕಂಪನಿಯ ಆಳ್ವಿಕೆಗೆ ದುಡಿಯಿತು. ಸೈನ್ಯ ಸಾಗಿಸಲು, ಕಂದಾಯ ವಸೂಲಿಗೆ ಒಳ್ಳೆಯ ನಕ್ಷೆ ಬೇಕಿತ್ತು. ಆ ಯಂತ್ರವನ್ನು ಬೆಟ್ಟ ಹತ್ತಿಸಿದ, ಜ್ವರಕ್ಕೆ ಸತ್ತ ಕೂಲಿಗಳಲ್ಲಿ ಹೆಚ್ಚಿನವರ ಹೆಸರು ಯಾವ ವರದಿಯಲ್ಲೂ ಇಲ್ಲ. ಗುರಿ ಎಷ್ಟು ಕರಾರುವಾಕ್ಕು ಅನ್ನೋದು ಒಂದು ಪ್ರಶ್ನೆ, ಗುರಿ ಯಾರ ಮೇಲೆ ಅನ್ನೋದು ಇನ್ನೊಂದು.

ಆದರೂ ಅವನಿಂದ ನಾವು ಕಿತ್ತುಕೊಳ್ಳಬೇಕಾದ ಒಂದು ಅಭ್ಯಾಸ ಇದೆ: ಎರಡನೇ ಸಲ ಅಳೆಯೋದು. ಗಣಿ ಅಕ್ರಮದ ವರ್ಷಗಳಲ್ಲಿ ಬಳ್ಳಾರಿಯ ಕಾಡಿನಲ್ಲಿ ಆಂಧ್ರ ಗಡಿಯ ಗುರುತುಗಳೇ ನಾಶವಾದವು. ಅದಿರು ಯಾವ ರಾಜ್ಯದ್ದು ಅಂತ ಹೇಳಲು ಆಗದ ಸ್ಥಿತಿ ಬಂತು. ಕೊನೆಗೆ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದಿಂದ ಗಡಿ ಗುರುತಿಸಲು ಬಂದದ್ದು, ಲ್ಯಾಂಬ್ಟನ್ನನ ಕೆಲಸ ಬಂದು ಸೇರಿದ ಸರ್ವೇ ಆಫ್ ಇಂಡಿಯಾ. ಮೊದಲ ಗೆರೆಯನ್ನು ಅಳಿಸಿದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿತ್ತು.

ಹಚ್ಚೊಳ್ಳಿಯ ಗದ್ದೆಯ ಪಹಣಿ ಇರಲಿ, ಬೆಳೆ ಹಾನಿಯ ಸಮೀಕ್ಷೆ ಇರಲಿ, ಸರ್ಕಾರ ಒಂದು ಸಂಖ್ಯೆ ಕೊಟ್ಟಾಗ ನಾವು ಮೊತ್ತದ ಮೇಲೆ ಜಗಳ ಆಡ್ತೀವಿ. ಮೊದಲು ಕೇಳಬೇಕಾದದ್ದು ಇದು: ಇದನ್ನು ಯಾರು ಅಳೆದರು, ಯಾವುದರಿಂದ ಅಳೆದರು, ಎರಡನೇ ಸಲ ತಾಳೆ ನೋಡಿದವರು ಯಾರು?