ಆರ್ಕ್‌ರೈಟನ ಗಿರಣಿ: ನನ್ನ ಪಾಠದಲ್ಲಿ ಬಿಟ್ಟುಹೋದದ್ದು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ನೇಕಾರರ ಓಣಿಯ ಶಾಲೆ. ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ. ಯಂತ್ರಗಳ ಪಟ್ಟಿ ಒಪ್ಪಿಸುವ ಬದಲು ರಿಚರ್ಡ್ ಆರ್ಕ್‌ರೈಟನ ಜೀವನವನ್ನೇ ಕಥೆಯಾಗಿ ಹೇಳಿದೆ.

ಆತ 1732ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ದರ್ಜಿಯೊಬ್ಬನ ಮಗನಾಗಿ ಹುಟ್ಟಿದ. ಶಾಲೆಗೆ ಕಳಿಸುವ ಶಕ್ತಿ ಮನೆಯವರಿಗಿರಲಿಲ್ಲ. ಸೋದರಸಂಬಂಧಿಯೊಬ್ಬಳು ಓದು ಕಲಿಸಿದಳು. ಕ್ಷೌರ ಮಾಡುತ್ತ, ಕೂದಲು ಕೊಂಡು ವಿಗ್ ಕಟ್ಟುತ್ತ ಊರೂರು ತಿರುಗಿದ. ಆಗ ನೂಲುವುದು ಹೆಂಗಸರು, ಮಕ್ಕಳು ಮನೆಯಲ್ಲೇ ಮಾಡುವ ಕೆಲಸ. ಒಂದು ಮಗ್ಗಕ್ಕೆ ಹಲವು ರಾಟೆಗಳ ನೂಲು ಬೇಕಾಗುತ್ತಿತ್ತು. ಅಲ್ಲಿನ ಹತ್ತಿನೂಲು ಹಾಸಿನ ಎಳೆಗೆ ತಡೆಯದೆ, ಅದಕ್ಕೆ ನಾರುಬಟ್ಟೆಯ ನೂಲನ್ನೇ ಬಳಸುತ್ತಿದ್ದರು. ಹಾಸು, ಹೊಕ್ಕು ಎಂದೊಡನೆ ನಮ್ಮ ಮಕ್ಕಳ ಮುಖ ಅರಳಿತು. ಅವನ್ನು ನಾನು ವಿವರಿಸಬೇಕಾಗಲಿಲ್ಲ.

ಗಡಿಯಾರ ಮಾಡುವ ಜಾನ್ ಕೇಯ ನೆರವಿನಿಂದ ಆರ್ಕ್‌ರೈಟ್ ಹೊಸ ಯಂತ್ರ ಕಟ್ಟಿಸಿ, 1769ರಲ್ಲಿ ಪೇಟೆಂಟ್ ಪಡೆದ. ಒಂದಕ್ಕಿಂತ ಒಂದು ವೇಗವಾಗಿ ತಿರುಗುವ ಜೋಡಿ ಉರುಳೆಗಳು ಹತ್ತಿಯನ್ನು ಎಳೆಯುತ್ತಿದ್ದವು, ಕದಿರು ಹುರಿಗೊಳಿಸುತ್ತಿತ್ತು. ನೂಲು ಗಟ್ಟಿಯಾಯಿತು. ಆದರೆ ಈ ಯಂತ್ರಕ್ಕೆ ಕೈಬಲ ಸಾಲದು. 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಚಕ್ರದಿಂದ ನಡೆಯುವ ಗಿರಣಿ ಶುರುವಾಯಿತು. ಕಟ್ಟಡಕ್ಕೆ ಐದು ಅಂತಸ್ತು. ಚಕ್ರ ಒಂದೇ ಕಡೆ ಇದ್ದುದರಿಂದ ಯಂತ್ರಗಳನ್ನು ಅಂತಸ್ತಿನ ಮೇಲೆ ಅಂತಸ್ತಿನಂತೆ ಜೋಡಿಸಿದರು. ಹಗಲು ರಾತ್ರಿ ಪಾಳಿ. ದುಡಿಯುವವರಲ್ಲಿ ಮಕ್ಕಳೇ ಬಹಳ. ಕೆಲಸಗಾರರಿಗೆಂದು ಆತ ಕಟ್ಟಿಸಿದ ಮನೆಗಳ ಮೇಲಿನ ಅಂತಸ್ತಿನಲ್ಲಿ ನೇಯ್ಗೆ ನಡೆಯುತ್ತಿತ್ತು. ನೂಲು ಮನೆ ಬಿಟ್ಟಿತ್ತು, ಮಗ್ಗ ಇನ್ನೂ ಬಿಟ್ಟಿರಲಿಲ್ಲ.

1779ರಲ್ಲಿ ಬರ್ಕೇಕರ್‌ನಲ್ಲಿದ್ದ ಅವನ ಗಿರಣಿಯನ್ನು ಜನ ಮುತ್ತಿ ನಾಶಮಾಡಿದರು. 1785ರಲ್ಲಿ ನ್ಯಾಯಾಲಯ ಪೇಟೆಂಟ್ ರದ್ದುಮಾಡಿತು. ಮರುವರ್ಷ ನೈಟ್ ಪದವಿ ಬಂತು. 1792ರಲ್ಲಿ ಭಾರೀ ಶ್ರೀಮಂತನಾಗಿ ತೀರಿಕೊಂಡ.

ಕಪ್ಪುಹಲಗೆಯ ಮೇಲೆ ಮಹಾನ್ ಸಂಶೋಧಕ ಎಂದು ಬರೆದು ಪಾಠ ಮುಗಿಸಿದೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ರಾಟೆ ತಿರುಗಿಸುತ್ತಿದ್ದ ಹೆಂಗಸರು ಆಮೇಲೆ ಏನು ಮಾಡಿದರೆಂದು ಕೇಳಿದಳು. ಪವರ್‌ಲೂಮ್ ಬಂದ ಮೇಲೆ ಅವರ ಮನೆಯ ಕೈಮಗ್ಗ ನಿಂತಿದೆ ಎಂದು ಪಕ್ಕದವಳು ಹೇಳಿದಳು. ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಕೆಲವರು ಗಿರಣಿ ಸೇರಿದರು, ಬಹಳಷ್ಟು ಮನೆಗಳಲ್ಲಿ ರಾಟೆಯ ಸಂಪಾದನೆ ನಿಂತುಹೋಯಿತು ಎಂದಷ್ಟೇ ಹೇಳಿದೆ.

ಮರುದಿನ ಇನ್ನೊಂದು ವಿಭಾಗಕ್ಕೆ ಇದೇ ಪಾಠ. ಆ ಹುಡುಗಿಯ ಪ್ರಶ್ನೆಯನ್ನೇ ಮೊದಲು ಹಲಗೆಯ ಮೇಲೆ ಬರೆದು ಕಥೆ ಆರಂಭಿಸಿದೆ.